ಕಾರಿನ ಸದ್ದು ಕೇಳುವ ಕಿವಿ



ಕಳೆದ ಸಂಚಿಕೆಯಲ್ಲಿ ಅಂಗಡಿಯ ತೂಕದ ಯಂತ್ರವನ್ನು ಜೋಪಾನ ಮಾಡುವ ಬಗೆಯನ್ನು ಬರೆದಿದ್ದೆವು. ಈ ತಿಂಗಳು ಮನೆಯ ಮುಂದೆ ನಿಂತಿರುವ ಕಾರಿನ ವಿಷಯ. ಅದರಲ್ಲೂ ಅದರ ಒಂದೇ ಒಂದು ಭಾಗದ ವಿಷಯ. ಡ್ರೈವರುಗಳೂ ಗ್ಯಾರೇಜಿನವರೂ ಅದನ್ನು ‘ಸೆಲ್ಫ್’ ಎನ್ನುತ್ತಾರೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಸ್ಟಾರ್ಟರ್ ಮೋಟಾರ್ ಎಂದು ಬರೆದಿರುತ್ತದೆ. ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಮೊದಲ ನಾಲ್ಕು ಸುತ್ತು ತಿರುಗಿಸಿ ಎಬ್ಬಿಸುವುದು ಇದರ ಕೆಲಸ. ದಿನಕ್ಕೆ ಹತ್ತು ಸಲ ಎಬ್ಬಿಸಿದರೂ ಇದು ದುಡಿಯುವುದು ಒಟ್ಟು ಅರ್ಧ ನಿಮಿಷ ಅಷ್ಟೆ. ಆದರೆ ಆ ಅರ್ಧ ನಿಮಿಷ ಕೈಕೊಟ್ಟರೆ ಲಕ್ಷಗಟ್ಟಲೆ ಬೆಲೆಯ ಕಾರು ಕಲ್ಲುಬಂಡೆಗೆ ಸಮ.

ನಾವು ಎಂಜಿನಿಯರ್ ಅಲ್ಲ. ಹತ್ತನೇ ತರಗತಿ ಪಾಸು ಮಾಡಿ ಹಿಂದೂಪುರದಲ್ಲಿ ಬೆಲ್ಲ, ಹುಣಸೆಹಣ್ಣಿನ ಮಂಡಿಯಲ್ಲಿ ಕೂತವರು. ಹೀಗಿದ್ದೂ ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಈ ಸೆಲ್ಫಿನ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳದೆ ನಾವು ಒಬ್ಬ ಪ್ರಾಮಾಣಿಕ ಕೆಲಸಗಾರನನ್ನು ನಾಲ್ಕು ಜನರ ಎದುರಿಗೆ ಕಳ್ಳನೆಂದು ಅಂದೆವು. ಅದರ ಫಲವನ್ನು ಕಲ್ಯಾಣದುರ್ಗದಲ್ಲಿ ಒಂದು ರಾತ್ರಿ ಉಂಡೆವು. ನಮಗಾದದ್ದು ಓದುಗರಿಗೆ ಆಗಬಾರದು.

ನಡೆದದ್ದು ಹೀಗೆ. ಕಳೆದ ವರ್ಷ ಬೇಸಿಗೆಯ ಆರಂಭದಲ್ಲಿ ನಮ್ಮ ಪೆಟ್ರೋಲ್ ಕಾರು ಬೆಳಿಗ್ಗೆ ಎಬ್ಬಿಸುವಾಗ ಒಮ್ಮೊಮ್ಮೆ ‘ಗರ್ರ್’ ಎಂದು ಹಲ್ಲು ಕಡಿಯಲು ಶುರುಮಾಡಿತು. ದಿನವೂ ಅಲ್ಲ, ಹತ್ತು ಸಲಕ್ಕೆ ಒಂದು ಸಲ. ಆ ಸದ್ದನ್ನು ಮೊದಲು ಕೇಳಿದವರು ನಾವಲ್ಲ, ನಮ್ಮ ಮನೆಯವರು. ಅಡಿಗೆಮನೆಯಿಂದಲೇ “ಕಾರು ಏನೋ ಅರಚಿಕೊಳ್ತಿದೆ, ತೋರಿಸಬಾರದೇ?” ಎಂದರು. ನಾವು “ಹಳೇ ಗಾಡಿ, ಇರುತ್ತೆ ಬಿಡು” ಎಂದೆವು. ತಿಂಗಳು ಕಳೆದ ಮೇಲೆ ಒಂದು ದಿನ ಮಂಡಿಯ ಮುಂದೆಯೇ ಎರಡು ಮೂರು ಸಲ ಕೈಕೊಟ್ಟಿತು. ಆಗ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು.

ಆತ ಸೆಲ್ಫ್ ಬಿಚ್ಚಿ ಒಳಗಿನ ಕಾರ್ಬನ್ ಬ್ರಷ್ ತೋರಿಸಿದ. ಸವೆದು ಮೋಟುಗೊಂಡಿದ್ದವು. ಬುಷ್ ಕೂಡ ಸಡಿಲವಾಗಿತ್ತು. ಎರಡನ್ನೂ ಹೊಸದು ಹಾಕಿದ. ಹದಿನೈದು ದಿನ ನೆಮ್ಮದಿ. ಮತ್ತೆ ‘ಗರ್ರ್’. ಮತ್ತೆ ಹೋದೆವು. ಈ ಸಲ ಆತ ಹೇಳಿದ: “ಸಾವ್ಕಾರ್ರೇ, ಬ್ರಷ್ ಹಾಕಿದೀನಿ, ಬುಷ್ ಹಾಕಿದೀನಿ. ಇನ್ನೂ ಸದ್ದು ಐತೆ ಅಂದ್ರೆ ಅದು ಸೆಲ್ಫಲ್ಲಿ ಇಲ್ಲ, ಫ್ಲೈವೀಲ್ ರಿಂಗಲ್ಲಿ ಐತೆ. ಗೇರ್ ಬಾಕ್ಸ್ ಇಳಿಸಬೇಕು. ಎರಡು ದಿನ ಗಾಡಿ ಬಿಡಿ.”

ವ್ಯಾಪಾರಿಯ ಬುದ್ಧಿ ನೋಡಿ. ಮೊದಲು ಬ್ರಷ್ ಎಂದ, ಈಗ ಗೇರ್ ಬಾಕ್ಸ್ ಎನ್ನುತ್ತಾನೆ, ನಾಳೆ ಎಂಜಿನ್ನೇ ಎಂದಾನು ಎಂದು ನಮಗೆ ಅನ್ನಿಸಿತು. “ಒಂದು ಸದ್ದಿಗೆ ಇಡೀ ಕಾರು ಬಿಚ್ಚುತ್ತೀಯೇನಪ್ಪಾ? ನಮ್ಮ ಹತ್ತಿರ ದುಡ್ಡು ಮರದಲ್ಲಿ ಬೆಳೆಯುತ್ತದೆಯೇ?” ಎಂದುಬಿಟ್ಟೆವು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಆತ ಏನೂ ಎದುರು ಮಾತನಾಡಲಿಲ್ಲ. ಕೈ ಒರೆಸಿಕೊಂಡು ಕೀಲಿ ನಮ್ಮ ಕೈಗೆ ಕೊಟ್ಟ. ನಾವು ಗೆದ್ದೆವೆಂದು ತಿಳಿದು ಮನೆಗೆ ಬಂದೆವು.

ಮುಂದಿನ ಕಥೆಗೆ ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ತಿಳಿಯದಿದ್ದರೆ ಸದ್ದಿಗೆ ಅರ್ಥ ಹೊಳೆಯುವುದಿಲ್ಲ.

ಗಲ್ಲಾಪೆಟ್ಟಿಗೆಯಿಂದ ಬಂದ ಮೋಟಾರು

ಹಿಂದೆ ಕಾರಿಗೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕಿತ್ತು. ನಮ್ಮ ವಯಸ್ಸಿನವರು ಹಳೆಯ ಅಂಬಾಸಿಡರ್ ಕಾರುಗಳಿಗೆ ಹ್ಯಾಂಡಲ್ ಹೊಡೆದದ್ದನ್ನು ಕಂಡಿದ್ದೇವೆ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬೇಡ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೋ ಎಂದು ಹಿರಿಯ ಡ್ರೈವರುಗಳು ಕಲಿಸುತ್ತಿದ್ದರು.

ಈ ಕಷ್ಟವನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತ ಮೊದಲು ಅಂಗಡಿಗಳಲ್ಲಿ ಹಣದ ಲೆಕ್ಕ ಇಡುವ ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಕೈಯಿಂದ ತಿರುಗಿಸುತ್ತಿದ್ದ ಗಲ್ಲಾಯಂತ್ರಕ್ಕೆ ಸಣ್ಣ ವಿದ್ಯುತ್ ಮೋಟಾರು ಜೋಡಿಸಿದ. ಆ ಮೋಟಾರು ದಿನವಿಡೀ ಓಡಬೇಕಾಗಿರಲಿಲ್ಲ. ಗಲ್ಲಾ ತೆರೆಯುವ ಒಂದು ಕ್ಷಣ ಮಾತ್ರ ಜೋರಾಗಿ ದುಡಿದರೆ ಸಾಕಿತ್ತು. ಅದೇ ಲೆಕ್ಕಾಚಾರವನ್ನು ಕಾರಿಗೂ ಹಚ್ಚಿ 1911ರಲ್ಲಿ ಸೆಲ್ಫ್ ಸ್ಟಾರ್ಟರ್ ಸಿದ್ಧಪಡಿಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ವ್ಯಾಪಾರಿಗಳ ಗಲ್ಲಾಪೆಟ್ಟಿಗೆಯಿಂದ ಕಾರಿಗೆ ಬಂದ ಜ್ಞಾನ ಇದು ಎಂದು ತಿಳಿದಾಗ ನಮಗೆ ಸಂತೋಷವಾಯಿತು.

ಈಗಿನ ಸೆಲ್ಫಿನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ದಪ್ಪ ಮೋಟಾರು. ಇನ್ನೊಂದು ಅದರ ಬೆನ್ನ ಮೇಲೆ ಕೂತ ಸಣ್ಣ ಉರುಳೆ, ಅದಕ್ಕೆ ಸೋಲಿನಾಯ್ಡ್ ಎನ್ನುತ್ತಾರೆ. ಕೀಲಿ ತಿರುಗಿಸಿದೊಡನೆ ಸೋಲಿನಾಯ್ಡ್ ಅಯಸ್ಕಾಂತವಾಗಿ ತನ್ನೊಳಗಿನ ಕಬ್ಬಿಣದ ಸರಳನ್ನು ಎಳೆದುಕೊಳ್ಳುತ್ತದೆ. ಆ ಎಳೆತದಿಂದ ಎರಡು ಕೆಲಸವಾಗುತ್ತದೆ. ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರ ಮುಂದೆ ಸರಿದು ಎಂಜಿನ್ನಿನ ಫ್ಲೈವೀಲಿನ ಸುತ್ತ ಇರುವ ದೊಡ್ಡ ಹಲ್ಲಿನ ಬಳೆಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡೊಡನೆ ತಾಮ್ರದ ಎರಡು ಬಿಂದುಗಳು ಕೂಡಿ ಬ್ಯಾಟರಿಯ ಪೂರ್ತಿ ಶಕ್ತಿ ಮೋಟಾರಿಗೆ ಹೋಗುತ್ತದೆ. ಸಣ್ಣ ಹಲ್ಲುಚಕ್ರದ ಜೋಡಣೆಗೆ ಗ್ಯಾರೇಜಿನವರು ‘ಬೆಂಡಿಕ್ಸ್’ ಎನ್ನುತ್ತಾರೆ, ದೊಡ್ಡ ಬಳೆಗೆ ‘ರಿಂಗ್’ ಎನ್ನುತ್ತಾರೆ. ಸಣ್ಣದಕ್ಕೆ ಒಂಬತ್ತು ಹತ್ತು ಹಲ್ಲು, ದೊಡ್ಡದಕ್ಕೆ ನೂರರ ಆಚೆ ಈಚೆ. ಸಣ್ಣದು ಹತ್ತು ಸುತ್ತಿಗೂ ಮಿಕ್ಕಿ ತಿರುಗಿದರೆ ಎಂಜಿನ್ ಒಂದು ಸುತ್ತು. ಎಂಜಿನ್ ಎದ್ದು ವೇಗ ಹಿಡಿದೊಡನೆ ಬೆಂಡಿಕ್ಸ್ ಒಳಗಿನ ಏಕಮುಖ ಕ್ಲಚ್ಚು ಜಾರಿ, ಎಂಜಿನ್ನಿನ ವೇಗ ಮೋಟಾರಿಗೆ ತಗುಲದಂತೆ ಕಾಪಾಡುತ್ತದೆ. ಕೀಲಿ ಬಿಟ್ಟೊಡನೆ ಸ್ಪ್ರಿಂಗು ಎಲ್ಲವನ್ನೂ ಹಿಂದಕ್ಕೆಳೆಯುತ್ತದೆ.

ಇದು ಕುಡಿಯುವ ಕರೆಂಟು ಎಷ್ಟು ಗೊತ್ತೇ? ಕಾರಿನ ಒಂದು ಹೆಡ್‌ಲೈಟ್ ಬಲ್ಬು ಸುಮಾರು 5 ಆಂಪಿಯರ್ ತೆಗೆದುಕೊಳ್ಳುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫು ನೂರರಿಂದ ನೂರೈವತ್ತು ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಎಂದರೆ ಇಪ್ಪತ್ತು ಮೂವತ್ತು ಹೆಡ್‌ಲೈಟ್ ಒಟ್ಟಿಗೆ ಉರಿಸಿದಂತೆ. ಇಷ್ಟು ಕರೆಂಟು ಹರಿಯುವ ದಾರಿಯಲ್ಲಿ ಒಂದು ನಟ್ಟು ಸಡಿಲವಿದ್ದರೂ ಸಾಕು, ಸದ್ದು ಬದಲಾಗುತ್ತದೆ.

ಸದ್ದುಗಳು ಮತ್ತು ಅವುಗಳ ಅರ್ಥ

1. ‘ಟಕಟಕಟಕಟಕ’ ಎಂದು ಬಿಡದೆ ಬಡಿಯುವುದು. ಬಹುಪಾಲು ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಿದೆ ಎಂದರ್ಥ. ಸೋಲಿನಾಯ್ಡ್ ಎಳೆಯುತ್ತದೆ, ಮೋಟಾರು ಕರೆಂಟು ಕೇಳುತ್ತದೆ, ಬ್ಯಾಟರಿ ಕುಸಿಯುತ್ತದೆ, ಸೋಲಿನಾಯ್ಡ್ ಕೈಬಿಡುತ್ತದೆ. ಭಾರ ಇಳಿದೊಡನೆ ಬ್ಯಾಟರಿ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಸಾಲಗಾರ ಬಾಗಿಲಿಗೆ ಬಂದಾಗಲೆಲ್ಲ ನಾಳೆ ನಾಳೆ ಎನ್ನುವವನ ಪಾಡು ಇದು. ಸೆಲ್ಫ್ ಬಿಚ್ಚಲು ಹೋಗಬೇಡಿ. ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಹೂವು ಕಟ್ಟಿದ್ದರೆ ಟರ್ಮಿನಲ್ ಬಿಚ್ಚಿ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

2. ‘ಟಕ್’ ಎಂದು ಒಂದೇ ಸಲ ಬಡಿದು ಸುಮ್ಮನಾಗುವುದು. ಇಲ್ಲಿ ಹೆಡ್‌ಲೈಟನ್ನು ಸಾಕ್ಷಿಗೆ ಕರೆಯಬೇಕು. ಲೈಟು ಹಾಕಿ ಕೀಲಿ ತಿರುಗಿಸಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಅದರ ಜೋಡಣೆ ದುರ್ಬಲ, ಇಲ್ಲವೇ ಮೋಟಾರು ಹಿಡಿದುಕೊಂಡಿದೆ. ಲೈಟು ಸ್ವಲ್ಪವೂ ಕುಂದದಿದ್ದರೆ ಕರೆಂಟು ಮೋಟಾರಿಗೆ ತಲುಪುತ್ತಲೇ ಇಲ್ಲ. ಸೋಲಿನಾಯ್ಡಿನ ತಾಮ್ರದ ಬಿಂದುಗಳು ಸುಟ್ಟಿರಬೇಕು ಅಥವಾ ಕಾರ್ಬನ್ ಬ್ರಷ್ ಸವೆದಿರಬೇಕು. ಬ್ರಷ್ ಸವೆದಾಗ ಸೆಲ್ಫಿನ ಮೈಮೇಲೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಒಮ್ಮೆ ಎದ್ದುಕೊಳ್ಳುವುದುಂಟು. ಅದು ಮನೆ ಸೇರುವ ಉಪಾಯ ಮಾತ್ರ, ಮದ್ದಲ್ಲ. ಈಗಿನ ಅನೇಕ ಸೆಲ್ಫುಗಳ ಒಳಗೆ ಶಾಶ್ವತ ಅಯಸ್ಕಾಂತದ ತುಂಡುಗಳಿರುತ್ತವೆ. ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಅವು ಬಿರುಕು ಬಿಟ್ಟು ಸೆಲ್ಫೇ ಹಾಳಾಗುತ್ತದೆ.

3. ‘ಊಂ... ಊಂ...’ ಎಂದು ನರಳುತ್ತಾ ನಿಧಾನ ತಿರುಗುವುದು. ಬ್ಯಾಟರಿ ಮುಪ್ಪಾಗಿರಬಹುದು. ಬುಷ್ ಸವೆದು ಒಳಗಿನ ಆರ್ಮೇಚರ್ ಪಕ್ಕಕ್ಕೆ ಉಜ್ಜುತ್ತಿರಬಹುದು. ಆದರೆ ಹೆಚ್ಚಿನವರು ಮರೆಯುವುದು ಅರ್ತ್ ಪಟ್ಟಿಯನ್ನು. ಬ್ಯಾಟರಿಯ ಮೈನಸ್‌ನಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ದಪ್ಪ ತಂತಿ ಅದು. ಹೋದ ಕರೆಂಟು ಹಿಂದಿರುಗುವುದು ಆ ದಾರಿಯಲ್ಲೇ. ಅದು ತುಕ್ಕು ಹಿಡಿದಿದ್ದರೆ ಹೊಸ ಬ್ಯಾಟರಿಯೂ ನರಳುತ್ತದೆ. ಮೆಕ್ಯಾನಿಕ್ ಹತ್ತಿರ ಮೀಟರ್ ಇದ್ದರೆ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿನಲ್ಲೇ ದೋಷ. ಹಾಗೆಯೇ ಪೂರ್ತಿ ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ತಿರುಗುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳಬಾರದು. ನಮ್ಮ ಅನಂತಪುರದ ಕಡೆಯ ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಆರುತ್ತದೆ. ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ. ಬಾವಿಯ ನೀರು, ಬೋರಿನ ನೀರು ಹಾಕಲೇಬಾರದು.

4. ‘ಗರ್ರ್’ ಎಂದು ಹಲ್ಲು ಕಡಿಯುವುದು. ಸಣ್ಣ ಹಲ್ಲುಚಕ್ರ ದೊಡ್ಡ ಬಳೆಗೆ ಸರಿಯಾಗಿ ಕಚ್ಚಿಕೊಳ್ಳುತ್ತಿಲ್ಲ. ಸೆಲ್ಫನ್ನು ಎಂಜಿನ್ನಿಗೆ ಹಿಡಿದಿರುವ ಬೋಲ್ಟು ಸಡಿಲವಾಗಿರಬಹುದು. ಮೊದಲು ಅದನ್ನು ನೋಡಿಸಿ, ಖರ್ಚಿಲ್ಲದ ಕೆಲಸ. ಬೋಲ್ಟು ಬಿಗಿಯಿದ್ದರೆ ಬೆಂಡಿಕ್ಸ್ ಹಲ್ಲು ಅಥವಾ ರಿಂಗಿನ ಹಲ್ಲು ಸವೆದಿದೆ.

5. ‘ಸುಯ್ಯ್’ ಎಂದು ಮೋಟಾರು ಬರಿದೆ ತಿರುಗಿ ಎಂಜಿನ್ ಅಲುಗದಿರುವುದು. ಬ್ಯಾಟರಿ ಚೆನ್ನಾಗಿದೆ, ಮೋಟಾರೂ ಚೆನ್ನಾಗಿದೆ. ಆದರೆ ಶಕ್ತಿ ಎಂಜಿನ್ನಿಗೆ ಮುಟ್ಟುತ್ತಿಲ್ಲ. ಬೆಂಡಿಕ್ಸಿನ ಏಕಮುಖ ಕ್ಲಚ್ಚು ಜಾರುತ್ತಿರಬೇಕು, ಅದನ್ನು ತಳ್ಳುವ ಕವೆ ಮುರಿದಿರಬೇಕು, ಇಲ್ಲವೇ ರಿಂಗಿನಲ್ಲಿ ಆ ಜಾಗದ ಹಲ್ಲೇ ಇಲ್ಲ.

6. ಎಂಜಿನ್ ಎದ್ದ ಮೇಲೂ ‘ಕೀಂ’ ಎಂದು ಕೂಗು ನಿಲ್ಲದಿರುವುದು. ಎಲ್ಲಕ್ಕಿಂತ ಅಪಾಯದ ಸದ್ದು ಇದೇ. ಹಲ್ಲುಚಕ್ರ ಹಿಂದಕ್ಕೆ ಸರಿದಿಲ್ಲ, ಅಥವಾ ಸೋಲಿನಾಯ್ಡಿನ ಬಿಂದುಗಳು ಬೆಸುಗೆಯಾಗಿ ಅಂಟಿಕೊಂಡಿವೆ, ಇಲ್ಲವೇ ಕೀಲಿಯ ಸ್ವಿಚ್ಚು ಹಿಂದಿರುಗಿಲ್ಲ. ತಕ್ಷಣ ಎಂಜಿನ್ ಆರಿಸಿ. ಕೀಲಿ ತೆಗೆದರೂ ಮೋಟಾರು ತಿರುಗುತ್ತಿದ್ದರೆ ಬ್ಯಾಟರಿಯ ಮೈನಸ್ ತಂತಿ ಕಳಚಿ. ತಡಮಾಡಿದರೆ ಸೆಲ್ಫ್ ಸುಟ್ಟುಹೋಗುತ್ತದೆ, ತಂತಿಗೆ ಬೆಂಕಿಯೂ ಹತ್ತಬಹುದು. ಬೆರಳೆಣಿಕೆಯ ಕ್ಷಣಗಳ ಕೆಲಸ ಇದು. ಮನೆಯಲ್ಲಿ ಕಾರು ಓಡಿಸುವ ಮಕ್ಕಳಿಗೂ ಸೊಸೆಯಂದಿರಿಗೂ ಹತ್ತನೇ ನಂಬರಿನ ಸ್ಪ್ಯಾನರ್ ಎಲ್ಲಿದೆ ಎಂದು ತೋರಿಸಿಡಿ. ಹೆಚ್ಚಿನ ಸಣ್ಣ ಕಾರುಗಳ ಟರ್ಮಿನಲ್ಲಿಗೆ ಅದೇ ಹೊಂದುತ್ತದೆ.

ಕಲ್ಯಾಣದುರ್ಗದ ರಾತ್ರಿ

ಈಗ ನಮ್ಮ ಕಥೆಗೆ ಬರೋಣ. ನಮ್ಮ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಭಾವನವರು ಕಡಲೆಕಾಯಿ ವ್ಯಾಪಾರದಲ್ಲಿ ಆಯುಷ್ಯ ಕಳೆದವರು. ಅವರ ಮೊಮ್ಮಗಳ ನಾಮಕರಣಕ್ಕೆ ನಾವು ಮನೆಯವರೊಡನೆ ಹೊರಟೆವು. ಮಡಕಶಿರಾ, ಪಾವಗಡ, ಕಂಬದೂರು ದಾರಿ. ಆಂಧ್ರದಲ್ಲಿ ಹೊರಟು, ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ದಾಟಿ, ಮತ್ತೆ ಆಂಧ್ರಕ್ಕೆ ಸೇರುವ ದಾರಿ. ಎರಡೂ ಊರು ಹಿಂದೆ ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಪಾವಗಡದಲ್ಲಿ ಕಾಫಿಗೆ ಇಳಿದು ಹೊರಡುವಾಗ ಕಾರು ಒಮ್ಮೆ ‘ಗರ್ರ್’ ಎಂದಿತು. ನಮ್ಮ ಮನೆಯವರು ನಮ್ಮ ಮುಖ ನೋಡಿದರು. ನಾವು ರಸ್ತೆ ನೋಡಿದೆವು.

ಸಂಜೆ ಸೂರ್ಯ ಮುಳುಗುವ ಮುಂಚೆ ಎಲ್ಲರೂ ಊಟ ಮುಗಿಸಿ, ಪಡಸಾಲೆಯಲ್ಲಿ ಹರಟಿ ಮಲಗಿದೆವು. ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಬಂದು ಎಬ್ಬಿಸಿದಳು. “ತಮ್ಮಾ, ಏಳೋ. ನಿಮ್ಮ ಭಾವ ಎದೆ ಹಿಡ್ಕೊಂಡು ಕೂತಿದಾರೆ, ಮೈಯೆಲ್ಲ ಬೆವರು.” ಅಳಿಯ ಆಂಬುಲೆನ್ಸಿಗೆ ಫೋನು ಮಾಡಿದ. ಬರುವವರೆಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲಲ್ಲಿ ಇದ್ದದ್ದು ನಮ್ಮ ಕಾರೊಂದೇ. ಭಾವನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆವು.

‘ಸುಯ್ಯ್’.

ಮತ್ತೆ ತಿರುಗಿಸಿದೆವು. ಮತ್ತೆ ‘ಸುಯ್ಯ್’. ಎಂಜಿನ್ ಅಲುಗಲಿಲ್ಲ. ಹಿಂದಿನಿಂದ ಭಾವನವರ ಉಸಿರು ಕೇಳಿಸುತ್ತಿತ್ತು. ನಾವು ಬ್ಯಾಟರಿ ಹೋಯಿತೆಂದೆವು. ಅಳಿಯ ಪಕ್ಕದ ಮನೆಯವರ ಟ್ರ್ಯಾಕ್ಟರ್ ಬ್ಯಾಟರಿ ಹೊತ್ತು ತಂದು ತಂತಿ ಜೋಡಿಸಿದ. ಅಮೂಲ್ಯ ಹತ್ತು ನಿಮಿಷ ಅಲ್ಲಿ ಹೋಯಿತು. ಹೆಡ್‌ಲೈಟು ಎದುರಿನ ಗೋಡೆಯ ಮೇಲೆ ಹಗಲಿನಂತೆ ಉರಿಯುತ್ತಿದೆ, ಬ್ಯಾಟರಿ ಹೋಗಿದ್ದರೆ ಹಾಗೆ ಉರಿದೀತೇ ಎಂಬ ಸಣ್ಣ ಮಾತು ಕೂಡ ನಮ್ಮ ತಲೆಗೆ ಹೊಳೆಯಲಿಲ್ಲ. ಎರಡು ಬ್ಯಾಟರಿ ಸೇರಿದರೂ ‘ಸುಯ್ಯ್’ ಎಂದೇ ಅಂದಿತು.

ಗಲಾಟೆಗೆ ಎದುರು ಮನೆಯ ಲಾರಿ ಡ್ರೈವರ್ ಎದ್ದು ಬಂದ. ಒಂದು ಸಲ ಸದ್ದು ಕೇಳಿದ, ಒಂದೇ ಸಲ. “ಬ್ಯಾಟ್ರಿ ಬಿಡ್ರೀ. ರಿಂಗ್ ಹಲ್ಲು ಹೋಗೈತೆ. ಕೀಲಿ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡ್ರಿ” ಎಂದ. ಹುಡುಗರನ್ನು ಕರೆದು ಕಾರನ್ನು ಒಂದಡಿ ಮುಂದಕ್ಕೆ ಅಲುಗಿಸಿದ. “ಈಗ ನ್ಯೂಟ್ರಲ್ ಮಾಡಿ ಹೊಡೀರಿ.” ಎಂಜಿನ್ ತಕ್ಷಣ ಎದ್ದಿತು.

ಊರಿನ ವೈದ್ಯರು ನೋಡಿ, ಮಾತ್ರೆ ಕೊಟ್ಟು, ಅನಂತಪುರಕ್ಕೆ ಕಳಿಸಿದರು. ಅರವತ್ತು ಕಿಲೋಮೀಟರ್ ಹತ್ತಿರದ ದಾರಿ. ದಾರಿಯಲ್ಲಿ ಎಲ್ಲಿಯೂ ಎಂಜಿನ್ ಆರಿಸಲಿಲ್ಲ. ಭಾವನವರು ಉಳಿದರು. ಈಗ ಮಾತ್ರೆ ನುಂಗುತ್ತಾ ಮೊಮ್ಮಗಳನ್ನು ಆಡಿಸುತ್ತಾ ಚೆನ್ನಾಗಿದ್ದಾರೆ. ಆದರೆ “ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವುದಕ್ಕೆ ಆಗುತ್ತಿರಲಿಲ್ಲ” ಎಂದು ಅಲ್ಲಿನ ಡಾಕ್ಟರು ಹೇಳಿದ ಮಾತು ನಮ್ಮ ಎದೆಯಲ್ಲಿ ಇವತ್ತಿಗೂ ಮುಳ್ಳಿನಂತೆ ಇದೆ.

ದೋಷ ಯಾರದು?

ಮರುದಿನ ಕಲ್ಯಾಣದುರ್ಗದ ಮೆಕ್ಯಾನಿಕ್ ಒಬ್ಬರು ಬ್ಯಾಟರಿ ತಂತಿ ಕಳಚಿ, ಸೆಲ್ಫ್ ಬಿಚ್ಚಿದರು. ಆ ತೂತಿನಲ್ಲಿ ಟಾರ್ಚು ಹಿಡಿದು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ನಮಗೂ ತೋರಿಸಿದರು. ಬಳೆಯ ಹಲ್ಲುಗಳು ಎಲ್ಲ ಕಡೆ ಚೆನ್ನಾಗಿದ್ದವು. ಒಂದು ಜಾಗದಲ್ಲಿ ಮಾತ್ರ ಮೂರು ನಾಲ್ಕು ಹಲ್ಲು ಮೊಂಡಾಗಿ ಹೋಗಿದ್ದವು. ಅದಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಇನ್ನೊಂದು ಜಾಗ ಸವೆಯತೊಡಗಿತ್ತು.

ಎರಡೇ ಜಾಗ ಏಕೆ ಎಂದು ಕೇಳಿದೆವು. ಅವರು ವಿವರಿಸಿದರು. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೊಂದು ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಏರುವಾಗ ತಡೆದು ನಿಲ್ಲುತ್ತದೆ. ಅರ್ಧ ಸುತ್ತಿಗೊಮ್ಮೆ ಹಾಗೆ ಒತ್ತಡ ಏರುವುದರಿಂದ ಫ್ಲೈವೀಲ್ ಹೆಚ್ಚು ಕಡಿಮೆ ಎರಡೇ ಜಾಗದಲ್ಲಿ ನಿಲ್ಲುತ್ತದೆ. ಸೆಲ್ಫ್ ಬಂದು ಕಚ್ಚುವುದೂ ಅಲ್ಲಿಯೇ. ವರ್ಷಗಟ್ಟಲೆ ಅದೇ ಹಲ್ಲಿಗೆ ಪೆಟ್ಟು. ಹತ್ತು ಸಲಕ್ಕೊಮ್ಮೆ ಸದ್ದು ಏಕೆ ಬರುತ್ತಿತ್ತು, ಒಂದಡಿ ಅಲುಗಿಸಿದೊಡನೆ ಏಕೆ ಎದ್ದಿತು ಎಂಬ ಎರಡೂ ಪ್ರಶ್ನೆಗೆ ಒಂದೇ ಉತ್ತರ ಸಿಕ್ಕಿತು. ಹಿಂದೂಪುರದ ಎಲೆಕ್ಟ್ರಿಷಿಯನ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆಮೇಲೆ ಅವರು ನಮ್ಮನ್ನೇ ಒಂದು ಪ್ರಶ್ನೆ ಕೇಳಿದರು. “ಎಂಜಿನ್ ಓಡ್ತಾ ಇರುವಾಗ ಮತ್ತೆ ಕೀಲಿ ತಿರುಗಿಸ್ತೀರಾ?” ಇಲ್ಲ ಎನ್ನಲು ಬಾಯಿ ತೆರೆದೆವು. ಪಕ್ಕದಲ್ಲಿದ್ದ ನಮ್ಮ ಮನೆಯವರು “ದಿನಾ ತಿರುಗಿಸ್ತಾರೆ” ಎಂದರು. ನಿಜ. ಈಗಿನ ಪೆಟ್ರೋಲ್ ಎಂಜಿನ್ನಿನ ಸದ್ದು ಕಡಿಮೆ. ಮಂಡಿಯ ಮುಂದೆ ಹಮಾಲರ ಕೂಗು, ಲಾರಿಯ ಹಾರ್ನು. ನಮ್ಮ ಕಿವಿ ಕೆಲವು ವರ್ಷಗಳಿಂದ ಮಂದವಾಗಿದೆ. ಎಂಜಿನ್ ಎದ್ದದ್ದು ಕೇಳಿಸದೆ ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿದ್ದೆವು. ಓಡುತ್ತಿರುವ ಬಳೆಗೆ ಹಲ್ಲುಚಕ್ರ ಹೋಗಿ ಬಡಿಯುತ್ತಿತ್ತು. ರಿಂಗಿನ ಹಲ್ಲು ತಿಂದವರು ನಾವೇ, ಕಳ್ಳನೆನ್ನಿಸಿಕೊಂಡವನು ಮಾತ್ರ ಆತ. ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತು.

ಹಿಂದೂಪುರಕ್ಕೆ ಬಂದ ದಿನವೇ ಆತನ ಅಂಗಡಿಗೆ ಹೋದೆವು. ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ನಾಲ್ಕು ಜನರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು, ಗಿರಾಕಿಗಳು ಇರುವ ಹೊತ್ತನ್ನೇ ನೋಡಿ ಹೋದೆವು. “ಮೇಸ್ತ್ರಿ, ಅವತ್ತು ನೀನು ಹೇಳಿದ್ದು ಸರಿ, ನಾವು ಆಡಿದ್ದು ತಪ್ಪು. ಕ್ಷಮಿಸಬೇಕು” ಎಂದೆವು. ಕಾಲು ಸ್ವಲ್ಪ ನಡುಗಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ನಮ್ಮವರಲ್ಲಿ ಕೈಮುಗಿದು ಕೇಳುವುದು ಸುಲಭ. ಅಂಗಡಿಯ ಎಣ್ಣೆ ನೆಲದ ಮೇಲೆ ನಿಂತು ಕೇಳುವುದು ಅಷ್ಟು ಸುಲಭವಲ್ಲ. ಆತ “ಬಿಡಿ ಸಾವ್ಕಾರ್ರೇ, ಗಾಡಿ ಬಿಟ್ಟು ಹೋಗಿ, ನಾಡಿದ್ದು ಬನ್ನಿ” ಎಂದಷ್ಟೇ ಅಂದ. ಗೇರ್ ಬಾಕ್ಸೂ ಕ್ಲಚ್ಚೂ ಇಳಿಸಿ, ಹಳೆಯ ಬಳೆ ತೆಗೆದು, ಹೊಸ ಬಳೆಯನ್ನು ಕಾಯಿಸಿ ಹಿಗ್ಗಿಸಿ ಫ್ಲೈವೀಲಿಗೆ ಕೂರಿಸಿದರು. ಆರಿದಾಗ ಅದು ಕುಗ್ಗಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿದಂತೆ. ಬೆಂಡಿಕ್ಸನ್ನೂ ಜೊತೆಗೇ ಹೊಸದು ಹಾಕಿದರು. ಒಂದು ಹಳೆಯದು ಒಂದು ಹೊಸದು ಇದ್ದರೆ ಒಂದನ್ನೊಂದು ತಿನ್ನುತ್ತವೆ. ಮೊದಲು ಎಷ್ಟು ಹೇಳಿದ್ದನೋ ಅಷ್ಟೇ ಬಿಲ್ಲು, ಒಂದು ರೂಪಾಯಿ ಹೆಚ್ಚಿಲ್ಲ.

ಓದುಗರಿಗೆ ಕೆಲವು ಮಾತು

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಏಳದಿದ್ದರೆ ಅರ್ಧ ನಿಮಿಷ ಬಿಟ್ಟು ನೋಡಿ. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ದೋಷ ಬೇರೆ ಕಡೆ ಇದೆ, ಸೆಲ್ಫನ್ನು ಸುಡಬೇಡಿ.

ಓಡುತ್ತಿರುವ ಎಂಜಿನ್ನಿಗೆ ಕೀಲಿ ತಿರುಗಿಸಬೇಡಿ. ಸಂಶಯವಿದ್ದರೆ ಎದುರಿನ ಫಲಕದಲ್ಲಿ ಆರ್.ಪಿ.ಎಂ. ಮುಳ್ಳು ನೋಡಿ, ಅಥವಾ ಆಯಿಲ್ ಮತ್ತು ಬ್ಯಾಟರಿಯ ಕೆಂಪು ದೀಪ ಆರಿದೆಯೇ ನೋಡಿ. ಆರಿದ್ದರೆ ಎಂಜಿನ್ ಎದ್ದಿದೆ.

ಇನ್ನೊಂದು ಕಾರಿನ ಬ್ಯಾಟರಿಯಿಂದ ತಂತಿ ಕೊಡುವಾಗ ಪ್ಲಸ್‌ಗೆ ಪ್ಲಸ್. ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ, ಅದರಿಂದ ದೂರವಾಗಿ ಎಂಜಿನ್ನಿನ ಲೋಹಕ್ಕೆ ಹಾಕಿ. ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರನ್ನು ತಳ್ಳಿ ಎಬ್ಬಿಸಲು ಹೋಗಬೇಡಿ. ಸಿಗ್ನಲಿನಲ್ಲಿ ತಾನೇ ಆರಿ ತಾನೇ ಏಳುವ ಹೊಸ ಕಾರುಗಳಿಗೆ ಕಂಪನಿ ಹೇಳಿದ ಬಗೆಯ ಬ್ಯಾಟರಿಯನ್ನೇ ಹಾಕಿ. ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿದರೆ ಬೇಗ ಕೈಕೊಡುತ್ತದೆ.

ಖರ್ಚಿಲ್ಲದ್ದನ್ನು ಮೊದಲು ನೋಡಿ: ಟರ್ಮಿನಲ್, ಅರ್ತ್, ಬೋಲ್ಟು. ಆಮೇಲೆ ಬ್ಯಾಟರಿ, ಆಮೇಲೆ ಸೆಲ್ಫು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ಆದರೆ ಕೊಡಲಿಯೇ ಬೇಕು ಎಂದು ಬಲ್ಲವನು ಹೇಳಿದಾಗ ಅವನ ಮೇಲೆ ಅನುಮಾನ ಪಡುವ ಮುಂಚೆ ಕಾರಣ ಕೇಳಿ, ಸಾಧ್ಯವಾದರೆ ಕಣ್ಣಾರೆ ತೋರಿಸೆಂದು ಕೇಳಿ. ನಾವು ಅವತ್ತು “ಟಾರ್ಚು ಹಾಕಿ ತೋರಿಸಪ್ಪಾ” ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಮ್ಮ ಅಂಗಡಿಗೆ ಬಂದ ಗಿರಾಕಿ ಮಾಲು ನೋಡುವ ಮುಂಚೆಯೇ ಕಲಬೆರಕೆ ಎಂದರೆ ನಮಗೆ ಹೇಗಾಗುತ್ತದೆ?

ಕಾರು ಸರಿಯಾದ ಮೇಲೆ ಕಿವಿ ವೈದ್ಯರ ಹತ್ತಿರವೂ ಹೋದೆವು. ಈಗ ಬಲಗಿವಿಯಲ್ಲಿ ಸಣ್ಣ ಯಂತ್ರವಿದೆ. ಕೀಲಿ ತಿರುಗಿಸಿದರೆ ಸೆಲ್ಫು ಮೃದುವಾಗಿ ಒಂದು ಸಲ ಅಂದು ಸುಮ್ಮನಾಗುವುದು ಕೇಳಿಸುತ್ತದೆ. ಅಡಿಗೆಮನೆಯಿಂದ ಬರುವ ಮಾತುಗಳೂ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತವೆ. ಅವುಗಳಲ್ಲಿ ಬಹಳಷ್ಟು ಸರಿಯಾಗಿಯೇ ಇರುತ್ತವೆ.

ಮುಂದಿನ ಸಂಚಿಕೆಯಲ್ಲಿ, ಮಳೆಗಾಲಕ್ಕೆ ಮುಂಚೆ ಗೋದಾಮಿನ ಹುಣಸೆಹಣ್ಣು ತೇವ ಹಿಡಿಯದಂತೆ ಇಡುವ ಬಗೆಯನ್ನು ಬರೆಯುತ್ತೇವೆ.